ಮಸ್ಕಿ ಡಬ್ಬಿಯಲ್ಲಿ ಸ್ಪೂನಿಗೊಂದು ಜಾಗ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಮಸ್ಕಿ ಮೀನಿನ ಬೆನ್ನು ಬಿದ್ದವರ ಗಾಳದ ಡಬ್ಬಿ ತೆರೆದು ನೋಡಿದರೆ ಈಗ ಸ್ಪೂನ್, ಅಂದರೆ ಚಮಚದಂತೆ ಬಾಗಿದ ತಗಡಿನ ಆಮಿಷ, ಕಾಣುವುದೇ ಅಪರೂಪ. ಮೊಳದುದ್ದದ ರಬ್ಬರ್ ಮೀನುಗಳಿರುತ್ತವೆ. ಎರಡೆರಡು ತಗಡು ಗಿರ್ರನೆ ತಿರುಗುವ ಬಕ್‌ಟೇಲ್‌ಗಳಿರುತ್ತವೆ, ಮರ ಕೆತ್ತಿ ಬಣ್ಣ ಹಚ್ಚಿದ ಗ್ಲೈಡರ್‌ಗಳಿರುತ್ತವೆ. ಸ್ಪೂನ್ ಇದ್ದರೂ ತಳದಲ್ಲಿ ಎಲ್ಲೋ, ಕೊಕ್ಕೆಗೆ ತುಕ್ಕು ಹಿಡಿದು ಬಿದ್ದಿರುತ್ತದೆ. ಕೇಳಿದರೆ, ‘ಅದು ಪೈಕ್‌ಗೆ ಸರಿ, ಮಸ್ಕಿಗೆ ಸಾಲದು’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸ್ಪೂನ್ ಸೋತಿಲ್ಲ. ಅದನ್ನು ನಿಧಾನಕ್ಕೆ ಎಳೆಯುವ ತಾಳ್ಮೆಯನ್ನು ನಾವು ಕಳೆದುಕೊಂಡಿದ್ದೇವೆ.

ನಮ್ಮ ಕಡೆಯ ಓದುಗರಿಗೆ ಈ ಎರಡು ಮೀನುಗಳ ಪರಿಚಯ ಬೇಕು. ಪೈಕ್ ಮತ್ತು ಮಸ್ಕಿ ಒಂದೇ ಮನೆತನದವು. ಎರಡಕ್ಕೂ ಉದ್ದನೆಯ ಮೈ, ಚಪ್ಪಟೆ ಮೂತಿ, ದವಡೆ ತುಂಬ ಸೂಜಿಯಂಥ ಹಲ್ಲು. ಬೆನ್ನಿನ ರೆಕ್ಕೆ ಬಾಲದ ಹತ್ತಿರಕ್ಕೆ ಸರಿದಿರುವುದರಿಂದ ನಿಂತ ಜಾಗದಿಂದಲೇ ಚಿಮ್ಮಿ ಹೊಡೆಯುತ್ತವೆ. ಪೈಕ್ ಉತ್ತರ ಗೋಲಾರ್ಧದ ತಣ್ಣನೆಯ ನೀರಿನಲ್ಲೆಲ್ಲ ಇದೆ. ಯುರೋಪಿನಲ್ಲೂ ಸೈಬೀರಿಯದಲ್ಲೂ ಸಿಗುತ್ತದೆ. ಮಸ್ಕಿ ಮಾತ್ರ ಉತ್ತರ ಅಮೆರಿಕದ್ದೇ. ಪೈಕ್‌ನ ಕಡು ಹಸಿರು ಮೈಮೇಲೆ ತಿಳಿ ಬಣ್ಣದ ಚುಕ್ಕೆ, ಮಸ್ಕಿಯ ತಿಳಿ ಮೈಮೇಲೆ ಕಪ್ಪು ಪಟ್ಟೆ ಅಥವಾ ಕಲೆ. ಪೈಕ್‌ನ ಬಾಲದ ತುದಿ ದುಂಡಗೆ, ಮಸ್ಕಿಯದು ಚೂಪು. ಅನುಮಾನ ಬಂದಾಗ ಹಳಬರು ಕೆಳದವಡೆ ತಿರುಗಿಸಿ ಅಲ್ಲಿನ ಸಣ್ಣ ರಂಧ್ರಗಳನ್ನು ಎಣಿಸುತ್ತಾರೆ. ಒಂದು ಬದಿಗೆ ಐದು ಅಥವಾ ಕಡಿಮೆ ಇದ್ದರೆ ಪೈಕ್, ಆರು ಅಥವಾ ಹೆಚ್ಚು ಇದ್ದರೆ ಮಸ್ಕಿ. ಈ ರಂಧ್ರಗಳನ್ನು ನೆನಪಿಟ್ಟುಕೊಳ್ಳಿ, ಸ್ಪೂನಿನ ಗುಟ್ಟು ಅರ್ಧ ಅಲ್ಲೇ ಇದೆ.

ಸ್ಪೂನಿನ ಹುಟ್ಟಿನ ಬಗ್ಗೆ ಒಂದು ಕತೆ ಎಲ್ಲರ ಬಾಯಲ್ಲೂ ಇದೆ. ವರ್ಮಾಂಟ್‌ನ ಬೊಮೊಸೀನ್ ಸರೋವರದಲ್ಲಿ ಜೂಲಿಯೋ ಬ್ಯೂಲ್ ಎಂಬ ಹುಡುಗ ದೋಣಿಯಲ್ಲಿ ಕೂತು ಊಟ ಮಾಡುತ್ತಿದ್ದಾಗ ಚಮಚ ನೀರಿಗೆ ಜಾರಿತಂತೆ. ಅದು ಹೊಳೆಯುತ್ತ ಓಲಾಡುತ್ತ ಇಳಿಯುವಾಗ ದೊಡ್ಡ ಮೀನೊಂದು ಬಂದು ಕಚ್ಚಿಕೊಂಡು ಹೋಯಿತಂತೆ. ಮನೆಗೆ ಹೋದವನು ಇನ್ನೊಂದು ಚಮಚದ ಹಿಡಿ ಕತ್ತರಿಸಿ, ಒಂದು ತುದಿಗೆ ದಾರ, ಇನ್ನೊಂದು ತುದಿಗೆ ಕೊಕ್ಕೆ ಹಾಕಿದ. ಕತೆ ಎಷ್ಟರ ಮಟ್ಟಿಗೆ ನಿಜವೋ, ಬ್ಯೂಲ್ 1852ರಲ್ಲಿ ಸ್ಪೂನಿಗೆ ಪೇಟೆಂಟ್ ಪಡೆದದ್ದು, ನ್ಯೂಯಾರ್ಕ್ ರಾಜ್ಯದ ವೈಟ್‌ಹಾಲ್‌ನಲ್ಲಿ ಅದನ್ನು ತಯಾರಿಸಿ ಮಾರಿದ್ದು ದಾಖಲೆಯಲ್ಲಿದೆ. ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಒಂದು: ಆ ಮೀನು ಕಚ್ಚಿದ್ದು ಬೀಳುತ್ತಿರುವ ಚಮಚವನ್ನು. ಯಾರೂ ಅದನ್ನು ಎಳೆಯುತ್ತಿರಲಿಲ್ಲ.

ಕೆಂಪು ಬಿಳುಪಿನ ಪಟ್ಟೆಯ ಡಾರ್ಡೆವಲ್ ಸ್ಪೂನ್ ಇಲ್ಲಿ ಅಮೆರಿಕದಲ್ಲಿ ಗೊತ್ತಿಲ್ಲದವರಿಲ್ಲ. ಡೆಟ್ರಾಯ್ಟ್‌ನ ಲೂ ಎಪಿಂಗರ್ 20ನೇ ಶತಮಾನದ ಆರಂಭದಲ್ಲಿ ಅದನ್ನು ಮಾಡಿದಾಗ ‘ಆಸ್ಪ್ರೇ’ ಎಂದು ಕರೆದಿದ್ದ; ಮೊದಲ ಮಹಾಯುದ್ಧದಲ್ಲಿ ಅಮೆರಿಕದ ನೌಕಾ ಸೈನಿಕರಿಗೆ ಬಂದ ಅಡ್ಡಹೆಸರಿನ ಗೌರವಕ್ಕೆ ಆಮೇಲೆ ಹೆಸರು ಬದಲಾಯಿಸಿದ. ಎಪಿಂಗರ್‌ನ ಇನ್ನೊಂದು ಕಸುಬು ಸತ್ತ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವುದು. ಮೈಸೂರಿನವರಿಗೆ ಇದನ್ನು ಓದಿದರೆ ವ್ಯಾನ್ ಇಂಗೆನ್ ಮನೆತನ ನೆನಪಾಗಬೇಕು. ಅವರದೂ ಅದೇ ಕಸುಬು, ಅದೇ ಗಾಳದ ಹುಚ್ಚು. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕೆ.ಜಿ.ಯ ಮಹಸೀರ್ ಹಿಡಿದು ದಾಖಲೆ ಬರೆದವರು ಅದೇ ಮನೆಯವರು. ಕೆನಡಾದಲ್ಲಿ ಸ್ಪೂನ್ ಮಾಡಿ ಹೆಸರಾದವನು ಲೆನ್ ಥಾಂಪ್ಸನ್. 1929ರಲ್ಲಿ ಸಸ್ಕ್ಯಾಚೆವಾನ್‌ನ ರೈತ ಊರೊಂದರಲ್ಲಿ ಶುರುವಾದ ಅವನ ಸ್ಪೂನ್‌ಗಳಲ್ಲಿ ಹಳದಿ ಮೈಮೇಲೆ ಐದು ಕೆಂಪು ಡೈಮಂಡ್ ಇರುವುದು ಇವತ್ತಿಗೂ ಅಲ್ಲಿನ ಪೈಕ್ ನೀರಿನಲ್ಲಿ ಮೊದಲ ಆಯ್ಕೆ.

ಹೆಸರು, ಬಣ್ಣ ಪಕ್ಕಕ್ಕಿಡಿ. ಅಂಗಡಿಗೆ ಹೋದಾಗ ನೋಡಬೇಕಾದದ್ದು ತಗಡಿನ ದಪ್ಪ ಮತ್ತು ಬಾಗು. ದಪ್ಪ ತಗಡಿನ ಸ್ಪೂನ್ ಗಾಳಿಯನ್ನು ಸೀಳಿಕೊಂಡು ದೂರ ಹೋಗುತ್ತದೆ, ಬೇಗ ಮುಳುಗುತ್ತದೆ. ತೆಳ್ಳಗಿನದು ಹತ್ತಿರ ಬೀಳುತ್ತದೆ, ಆದರೆ ಇಳಿಯುವಾಗ ಅತ್ತಿತ್ತ ಜಾರುತ್ತ ಬಹಳ ಹೊತ್ತು ತೇಲುತ್ತದೆ. ದೋಣಿಯ ಹಿಂದೆ ಎಳೆದುಕೊಂಡು ಹೋಗುವವರಿಗೆ ಅದೇ ಬೇಕು. ಬಾಗು ಆಳವಾಗಿದ್ದರೆ ಓಲಾಟ ಅಗಲ, ನಿಧಾನ. ಬಾಗು ಕಡಿಮೆಯಿದ್ದರೆ ಓಲಾಟ ಬಿಗಿ, ಚುರುಕು. ಇದು ನಡೆಯುವ ಬಗೆ ಸರಳ. ಎಳೆದಾಗ ನೀರು ಗುಳಿಬಿದ್ದ ಬದಿಯನ್ನು ಒತ್ತುತ್ತದೆ, ಸ್ಪೂನ್ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ ಕೂಡಲೇ ಒತ್ತಡ ಇನ್ನೊಂದು ಪಕ್ಕಕ್ಕೆ ದಾಟಿ ಅದನ್ನು ತಿರುಗಿ ಎತ್ತುತ್ತದೆ. ಈ ವಾಲಾಟ ನಡೆಯಲು ಒಂದು ವೇಗದ ಮಿತಿ ಇದೆ. ಮಿತಿ ದಾಟಿದರೆ ಸ್ಪೂನ್ ಮಗುಚಿ ತನ್ನ ಸುತ್ತ ತಾನೇ ತಿರುಗತೊಡಗುತ್ತದೆ, ದಾರ ಹುರಿಗೊಳ್ಳುತ್ತದೆ, ಮೀನು ಹತ್ತಿರ ಬಂದದ್ದೂ ಮುಖ ತಿರುಗಿಸುತ್ತದೆ. ‘ಸ್ಪೂನ್ ಹಾಕಿದೆ, ಏನೂ ಸಿಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಇಡೀ ದಿನ ತಿರುಗುವ ಸ್ಪೂನನ್ನೇ ಎಳೆದಿರುತ್ತಾರೆ.

ಹಾಗಾಗಿ ಹೊಸ ಸ್ಪೂನ್ ಕೊಂಡರೆ ಮೊದಲ ಕೆಲಸ ದೂರ ಎಸೆಯುವುದಲ್ಲ. ದೋಣಿಯ ಪಕ್ಕದಲ್ಲೇ, ಕಣ್ಣಿಗೆ ಕಾಣುವ ಹಾಗೆ ಒಂದು ಮಾರು ದಾರ ಬಿಟ್ಟು ನೀರಿನಲ್ಲಿ ಎಳೆದು ನೋಡಿ. ಮೊದಲು ತೀರಾ ನಿಧಾನ. ಸತ್ತ ತಗಡಿನ ಹಾಗೆ ಸುಮ್ಮನೆ ಬರುತ್ತದೆ. ಸ್ವಲ್ಪ ವೇಗ ಕೊಟ್ಟರೆ ಬಾಲ ಅತ್ತಿತ್ತ ಒದೆಯಲು ಶುರುಮಾಡುತ್ತದೆ. ಇನ್ನೂ ಸ್ವಲ್ಪ ಕೊಟ್ಟರೆ ಮಗುಚುತ್ತದೆ. ಒದೆಯಲು ಶುರುಮಾಡಿದ ಆ ವೇಗವೇ ನಿಮ್ಮ ವೇಗ. ಅದು ಕೈಗೆ ನೆನಪಾಗಬೇಕು. ರಾಡಿನ ತುದಿ ಒಂದೇ ಲಯದಲ್ಲಿ ತುಯ್ಯುತ್ತಿರುತ್ತದೆ. ನೀರಿನಾಳದಲ್ಲಿ ಸ್ಪೂನ್ ಕಾಣದಿದ್ದಾಗಲೂ ಆ ತುಯ್ತದಿಂದಲೇ ಅದು ಸರಿಯಾಗಿ ಬರುತ್ತಿದೆ ಎಂದು ಗೊತ್ತಾಗುತ್ತದೆ. ತುಯ್ತ ನಿಂತು ಭಾರ ಹೆಚ್ಚಾದರೆ ಕೊಕ್ಕೆಗೆ ಪಾಚಿ ಸಿಕ್ಕಿದೆ ಎಂದರ್ಥ. ತುಯ್ತ ನಿಂತು ಭಾರವೇ ಇಲ್ಲದಂತಾದರೆ ಗಟ್ಟಿಯಾಗಿ ಎಳೆಯಿರಿ, ಮೀನು ಸ್ಪೂನನ್ನು ಬಾಯಲ್ಲಿ ಹಿಡಿದು ನಿಮ್ಮ ಕಡೆಗೇ ಬರುತ್ತಿದೆ.

ಎರಡನೆಯದು ಬೀಳಿಸುವುದು. ಏಳೆಂಟು ಸುತ್ತು ಸುತ್ತಿ ರೀಲ್ ನಿಲ್ಲಿಸಿ. ಸ್ಪೂನ್ ಮುಂದಕ್ಕೆ ಬರುವುದು ಬಿಟ್ಟು ಹೊಳೆಯುತ್ತ, ಪಕ್ಕಕ್ಕೆ ಜಾರುತ್ತ ಇಳಿಯುತ್ತದೆ. ಗಾಯಗೊಂಡ ಮೀನು ಹಾಗೆಯೇ ಇಳಿಯುವುದು. ಈ ಹೊತ್ತಿನಲ್ಲಿ ದಾರ ಪೂರ್ತಿ ಸಡಿಲ ಬಿಡಬಾರದು, ಪೂರ್ತಿ ಬಿಗಿಯಾಗಿಯೂ ಇರಬಾರದು. ರಾಡಿನ ತುದಿಯನ್ನು ಸ್ಪೂನಿನ ಜೊತೆಗೇ ಇಳಿಸುತ್ತ ಹೋಗಬೇಕು. ಕಣ್ಣು ನೀರಿಗೆ ದಾರ ಸೇರುವ ಜಾಗದ ಮೇಲಿರಲಿ. ಬೀಳುವ ಸ್ಪೂನಿಗೆ ಬಾಯಿ ಹಾಕಿದ ಪೈಕ್ ಕೈಗೆ ತಿಳಿಯುವ ಮೊದಲು ಕಣ್ಣಿಗೆ ತಿಳಿಯುತ್ತದೆ: ದಾರ ಒಮ್ಮೆ ಚಿಟ್ಟನೆ ಹಾರಿ ಪಕ್ಕಕ್ಕೆ ಸರಿಯುತ್ತದೆ, ಅಥವಾ ಇಳಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಆಗ ಯೋಚನೆ ಮಾಡುತ್ತ ಕೂರಬಾರದು. ಲೋಹ ಎಂದು ಗೊತ್ತಾದ ಕೂಡಲೇ ಮೀನು ಉಗಿಯುತ್ತದೆ.

ಇನ್ನು ದವಡೆಯ ಆ ರಂಧ್ರಗಳು. ಮೀನಿನ ಪಕ್ಕೆಯುದ್ದಕ್ಕೂ ನೀರಿನ ಅಲುಗಾಟ ಗ್ರಹಿಸುವ ಒಂದು ಗೆರೆ ಇರುತ್ತದಲ್ಲ, ಅದರ ಕವಲುಗಳೇ ತಲೆಗೂ ದವಡೆಗೂ ಹಬ್ಬಿ ಈ ರಂಧ್ರಗಳಲ್ಲಿ ತೆರೆದುಕೊಳ್ಳುತ್ತವೆ. ಮಸ್ಕಿ ಹೇಗೆ ಬೇಟೆಯಾಡುತ್ತದೆ ಎಂದು ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದ್ದಾರೆ. ದೂರದಿಂದ ಗುರುತಿಸಿ ಮೆಲ್ಲಗೆ ಹತ್ತಿರ ಸರಿಯುವ ತನಕ ಕಣ್ಣು ಬೇಕು. ಆದರೆ ತೀರಾ ಹತ್ತಿರ ಬಂದ ಬೇಟೆಯನ್ನು ಕಣ್ಣು ಕಾಣದ ಮಸ್ಕಿಯೂ ಹೊಡೆಯಬಲ್ಲದು, ನೀರಿನ ಕಂಪನವೊಂದೇ ಸಾಕು. ಸ್ಪೂನ್ ಎರಡನ್ನೂ ಪೂರೈಸುತ್ತದೆ. ದೂರಕ್ಕೆ ಹೊಳಪು, ಹತ್ತಿರಕ್ಕೆ ಓಲಾಟದ ಭಾರವಾದ ಕಂಪನ. ಇದನ್ನು ಅರ್ಥಮಾಡಿಕೊಂಡವರಿಗೆ ಬಣ್ಣದ ಜಗಳ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಆದರೂ ಬಣ್ಣದ ಬಗ್ಗೆ ನನ್ನ ರೂಢಿ ಹೇಳುತ್ತೇನೆ. ತಿಳಿ ನೀರು, ಬಿಸಿಲಿದ್ದರೆ ಬೆಳ್ಳಿ ಬಣ್ಣ. ಕೆನಡಾದ ವಿಲಿಯಮ್ಸ್ ಸ್ಪೂನ್‌ಗಳಿಗೆ ನಿಜವಾದ ಬೆಳ್ಳಿಯ, ಚಿನ್ನದ ಲೇಪವೇ ಇರುತ್ತದೆ. ಅವುಗಳ ಹೊಳಪು ಬೇರೆಯೇ. ಉತ್ತರ ಮಿನ್ನೆಸೋಟದಲ್ಲೂ ಒಂಟಾರಿಯೊದಲ್ಲೂ ಜೌಗುನೆಲದಿಂದ ಹರಿದುಬಂದು ಕಾಫಿ ಡಿಕಾಕ್ಷನ್ನಿನಂತೆ ಕಾಣುವ ನೀರಿದೆ. ಅಲ್ಲಿ ಹಿತ್ತಾಳೆ, ತಾಮ್ರ. ಮೋಡ ಕವಿದಾಗ ಕೆಂಪು ಬಿಳುಪು. ಹಳದಿ ಪರ್ಚ್ ಮೀನು ತುಂಬಿರುವ ಸರೋವರದಲ್ಲಿ ಐದು ಡೈಮಂಡಿನದು, ಏಕೆಂದರೆ ಪೈಕ್ ದಿನಾ ತಿನ್ನುವುದು ಆ ಪರ್ಚನ್ನೇ. ಇದಕ್ಕಿಂತ ಹೆಚ್ಚು ಬಣ್ಣ ಕೂಡಿಹಾಕುವುದು ಅಂಗಡಿಯವನಿಗೆ ಲಾಭ.

ಅಳತೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪೈಕ್‌ಗೆ 28 ಗ್ರಾಂನ, ಒಂಬತ್ತು ಸೆಂಟಿಮೀಟರಿನ ಡಾರ್ಡೆವಲ್ ಎಲ್ಲ ಕಾಲಕ್ಕೂ ಆಗಿಬರುತ್ತದೆ. ಮಸ್ಕಿಗೆ ಅದೇ ಕಂಪನಿಯ ಹಸ್ಕಿ ಡೆವಲ್‌ನಂಥ, 14 ಸೆಂಟಿಮೀಟರ್ ಆಸುಪಾಸಿನದು ಬೇಕು. ಮಸ್ಕಿಗೆ ಸ್ಪೂನ್ ಸಾಲದು ಎನ್ನುವವರು ಹಲವರು ಪೈಕ್ ಅಳತೆಯದನ್ನೇ ಹಾಕಿ ನೋಡಿದವರು. ಮಿನ್ನೆಸೋಟದ ಸರೋವರಗಳಾದ ಲೀಚ್ ಲೇಕ್, ಮಿಲ್ ಲ್ಯಾಕ್ಸ್‌ಗಳಲ್ಲಿ ಕೊಬ್ಬಿದ ಟುಲಿಬೀ ಮೀನು ತಿಂದು ಬೆಳೆದ ಮಸ್ಕಿ ಬೆರಳುದ್ದದ ತಗಡಿಗೆ ಯಾಕೆ ಏಳಬೇಕು? 2021ರ ನವೆಂಬರಿನಲ್ಲಿ ಮಿಲ್ ಲ್ಯಾಕ್ಸ್‌ನಲ್ಲಿ ಸಿಕ್ಕ, ಮಿನ್ನೆಸೋಟದ ದಾಖಲೆಯ ಮಸ್ಕಿ 25 ಕೆ.ಜಿ. ದಾಟಿತ್ತು.

ಉಳಿದ ಸಲಕರಣೆಯಲ್ಲಿ ಬಿಡಬಾರದ್ದು ಉಕ್ಕಿನ ತಂತಿ. ಬರೀ ತಂಗೂಸಿಗೆ ಸ್ಪೂನ್ ಕಟ್ಟಿ ಪೈಕ್ ನೀರಿಗೆ ಎಸೆಯುವುದು ಮೀನಿಗೆ ಮಾಡುವ ಅನ್ಯಾಯ. ಹಲ್ಲಿಗೆ ಸಿಕ್ಕ ದಾರ ಕಡಿದುಹೋಗುತ್ತದೆ, ಮೂರು ಮುಳ್ಳಿನ ಕೊಕ್ಕೆ ಬಾಯಲ್ಲೇ ಉಳಿಯುತ್ತದೆ. ಸ್ಪೂನಿಗೆ ಕನಿಷ್ಠ ಒಂದಡಿ ತಂತಿ ಇರಲಿ. ಮಸ್ಕಿಗೆ ದಪ್ಪ ಫ್ಲೋರೋಕಾರ್ಬನ್ ಬಳಸುವವರೂ ಇದ್ದಾರೆ, ಅದೂ ನಡೆಯುತ್ತದೆ. ತಂತಿಯ ಒಂದು ಕೊನೆಯಲ್ಲಿ ದುಂಡು ಬಾಯಿಯ ಕೊಂಡಿ, ಇನ್ನೊಂದು ಕೊನೆಯಲ್ಲಿ ಬಾಲ್‌ಬೇರಿಂಗ್ ಇರುವ ಸ್ವಿವೆಲ್. ಕೊಂಡಿ ಚೂಪಾಗಿದ್ದರೆ ಸ್ಪೂನಿನ ಓಲಾಟ ಹಿಡಿದುಬಿಡುತ್ತದೆ. ಕೊಕ್ಕೆಯನ್ನು ಅರದಿಂದ ಮಸೆಯಿರಿ, ಹೊಸದಾಗಿ ಕೊಂಡದ್ದಾದರೂ ಸರಿ. ಉಗುರಿನ ಮೇಲೆ ಮೆಲ್ಲಗೆ ಎಳೆದಾಗ ಜಾರದೆ ಗೀರು ಬಿದ್ದರೆ ಹರಿತವಾಗಿದೆ. ಮಸ್ಕಿಯ ಬಾಯಿ ಬಹುಪಾಲು ಮೂಳೆ, ಮೊಂಡು ಕೊಕ್ಕೆ ಅಲ್ಲಿ ನಾಟುವುದಿಲ್ಲ.

ದಟ್ಟ ಜೊಂಡಿನೊಳಗೆ ನುಗ್ಗಬೇಕಾದಾಗ ಜಾನ್ಸನ್ ಸಿಲ್ವರ್ ಮಿನ್ನೋ. ಒಂದೇ ಕೊಕ್ಕೆ, ಅದರ ಮುಂದೆ ಹುಲ್ಲು ಸಿಕ್ಕಿಕೊಳ್ಳದಂತೆ ತಡೆಯುವ ಒಂದು ತಂತಿ. ನೂರು ವರ್ಷದ ಹಳೆಯ ಉಪಾಯ, ಅದಕ್ಕಿಂತ ಒಳ್ಳೆಯದು ಬಂದದ್ದು ನಾನು ಕಂಡಿಲ್ಲ.

ಪೈಕ್ ಮತ್ತು ಮಸ್ಕಿಯ ಸ್ವಭಾವ ಬೇರೆಯಾಗುವುದು ದೋಣಿಯ ಹತ್ತಿರ. ಪೈಕ್ ತಪ್ಪಿದರೆ ಮತ್ತೆ ಹೊಡೆಯುತ್ತದೆ. ಒಮ್ಮೆ ಕೊಕ್ಕೆ ಚುಚ್ಚಿಸಿಕೊಂಡದ್ದು ಮರು ಎಸೆತಕ್ಕೇ ಬರುವುದುಂಟು. ಮಸ್ಕಿ ಸ್ಪೂನಿನ ಹಿಂದೆ ಒಂದು ಗೇಣು ದೂರದಲ್ಲಿ, ಅವಸರವೇ ಇಲ್ಲದೆ, ದೋಣಿಯವರೆಗೂ ಬಂದು ನಿಲ್ಲುತ್ತದೆ. ಹಲಗೆಯಂಥ ಮೈ, ರೆಕ್ಕೆಗಳು ಮಾತ್ರ ಅಲುಗುತ್ತಿರುತ್ತವೆ. ಇಲ್ಲಿ ಸ್ಪೂನನ್ನು ನೀರಿನಿಂದ ಎತ್ತಿದರೆ ಮುಗಿಯಿತು. ಮಸ್ಕಿ ಬೇಟೆಗಾರರು ದೋಣಿಯ ಪಕ್ಕದಲ್ಲಿ ರಾಡಿನಿಂದ ಹಾಕುವ ಎಂಟರಾಕಾರದ ಸುತ್ತು ಬಕ್‌ಟೇಲ್‌ಗೆ ಹೇಳಿ ಮಾಡಿಸಿದ್ದು. ಸ್ಪೂನಿಗೆ ಆ ಇಕ್ಕಟ್ಟಾದ ತಿರುವಿನಲ್ಲಿ ಓಲಾಟ ಸತ್ತುಹೋಗುತ್ತದೆ, ಸ್ಪೂನ್ ಬೇಡ ಎನ್ನುವವರ ವಾದದಲ್ಲಿ ನಿಜವಾದ ತೂಕವಿರುವ ಮಾತು ಇದೊಂದೇ. ಅದಕ್ಕೆ ಪರಿಹಾರ ಅಗಲದ ಸುತ್ತು. ಎಂಟೂವರೆ, ಒಂಬತ್ತಡಿ ರಾಡಿನ ತುದಿಯನ್ನು ನೀರೊಳಗೆ ಮುಳುಗಿಸಿ, ತೋಳು ಪೂರ್ತಿ ಚಾಚಿ, ಮೊಟ್ಟೆಯಾಕಾರದ ದೊಡ್ಡ ಸುತ್ತು ಹಾಕಿ. ತಿರುವಿನಲ್ಲಿ ವೇಗ ತುಸು ಹೆಚ್ಚಿಸಿ, ತಿರುವಿನ ಹೊರಗೆ ಸ್ಪೂನನ್ನು ಸ್ವಲ್ಪ ಆಳಕ್ಕೆ ಬಿಡಿ. ಕಚ್ಚುವುದಾದರೆ ಮಸ್ಕಿ ಬಹುಮಟ್ಟಿಗೆ ಆ ತಿರುವಿನಲ್ಲೇ ಕಚ್ಚುತ್ತದೆ, ನಿಮ್ಮ ಮೊಣಕಾಲಿನಿಂದ ಎರಡು ಮಾರು ದೂರದಲ್ಲಿ.

ಕಾಲ ಯಾವುದು ಎಂದು ಕೇಳುವವರಿಗೆ: ಪೈಕ್‌ಗೆ ಮೇ ತಿಂಗಳು. ಮಂಜುಗಡ್ಡೆ ಕರಗುತ್ತಿದ್ದಂತೆ ಮೊಟ್ಟೆಯಿಟ್ಟ ಪೈಕ್‌ಗಳು ಬಿಸಿಲಿಗೆ ಬೇಗ ಕಾಯುವ ಆಳವಿಲ್ಲದ ಕೊಲ್ಲಿಗಳಲ್ಲಿ, ಆಗಷ್ಟೇ ಚಿಗುರುತ್ತಿರುವ ಜಲಸಸ್ಯದ ಅಂಚಿನಲ್ಲಿ ಇರುತ್ತವೆ. ದಡದಲ್ಲಿ ನಿಂತೇ ಎಸೆಯಬಹುದು. ಬೇಸಿಗೆ ಬಲಿತಂತೆ ದೊಡ್ಡ ಪೈಕ್ ತಣ್ಣೀರು ಹುಡುಕಿ ಆಳಕ್ಕೆ ಹೋಗುತ್ತದೆ, ದಡದಲ್ಲಿ ಉಳಿಯುವುದು ಮರಿಗಳು. ಮಸ್ಕಿಗೆ ನಾನು ಸ್ಪೂನ್ ಕಟ್ಟುವುದು ಸೆಪ್ಟೆಂಬರ್ ಕೊನೆಯಿಂದ. ನೀರು ತಣ್ಣಗಾಗಿ, ಜಲಸಸ್ಯ ಬಾಡಿ, ಬೇಟೆಮೀನುಗಳು ಕಲ್ಲುದಿಬ್ಬಗಳ ಕಡೆ ಸರಿದಾಗ ನಿಧಾನದ, ಬೀಳುವ ಲೋಹಕ್ಕೆ ಮಸ್ಕಿ ಕೊಡುವ ಗಮನ ರಬ್ಬರಿಗೆ ಕೊಡುವುದಕ್ಕಿಂತ ಕಡಿಮೆಯೇನಲ್ಲ. ಇಡೀ ಋತುವಿನಲ್ಲಿ ಬಕ್‌ಟೇಲ್‌ಗಳನ್ನೇ ನೋಡಿ ಬೇಸತ್ತ ಮೀನಿಗೆ ಅದು ಹೊಸದಾಗಿಯೂ ಕಾಣುತ್ತದೆ.

ಸ್ಪೂನ್ ನಮ್ಮ ನಾಡಿಗೂ ಹೊಸದಲ್ಲ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು; ಮಹಸೀರಿಗೆ ಸ್ಪೂನ್ ಹಾಕುವ ಮಾತು ಅಂದಿನಿಂದಲೇ ಇದೆ. ಮಹಸೀರಿನ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಹಾಗಾಗಿ ಅಲ್ಲಿ ಉಕ್ಕಿನ ತಂತಿ ಬೇಕಿರಲಿಲ್ಲ, ಅದು ಅದುಮಿ ಹಿಂಡಿದರೂ ಮುರಿಯದ ಕೊಕ್ಕೆ ಬೇಕಿತ್ತು. ಈಗ ಕಾವೇರಿ ವನ್ಯಜೀವಿಧಾಮದಲ್ಲಿ ಗಾಳಕ್ಕೆ ಅವಕಾಶವಿಲ್ಲ. ಆ ಹೊಳೆಯ ಡುಬ್ಬದ ಮಹಸೀರ್ ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಘೋಷಣೆಯಾಗಿದೆ. ಒಂದು ಕಾಲಕ್ಕೆ ಲೋಕವೆಲ್ಲ ಹುಡುಕಿಕೊಂಡು ಬರುತ್ತಿದ್ದ ಮೀನಿಗೆ ಈ ಗತಿ ಬಂತು ಎಂಬುದನ್ನು ಅಮೆರಿಕದಲ್ಲಿ ರಾಡ್ ಹಿಡಿಯುವ ಪ್ರತಿ ಕನ್ನಡಿಗನೂ ನೆನಪಿಡಬೇಕು. ಮಿನ್ನೆಸೋಟದವರು ಮಸ್ಕಿಯನ್ನು ಕಾಯುತ್ತಿರುವ ಬಗೆ ನೋಡಿದಾಗ ನನಗೆ ಕಾವೇರಿಯ ಬಗ್ಗೆ ಹೊಟ್ಟೆಯುರಿಯುತ್ತದೆ. ಮಿನ್ನೆಸೋಟದ ಹೆಚ್ಚಿನ ಸರೋವರಗಳಲ್ಲಿ 54 ಇಂಚಿಗಿಂತ, ಅಂದರೆ 137 ಸೆಂಟಿಮೀಟರಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದು ಸಿಕ್ಕರೂ ಬಹುತೇಕ ಎಲ್ಲರೂ ಬಿಟ್ಟೇಬಿಡುತ್ತಾರೆ.

ತಿನ್ನಬೇಕೆಂದರೆ ಪೈಕ್ ಇದೆ, ಅದೂ ಚಿಕ್ಕದು. ಮಿನ್ನೆಸೋಟದ ಉತ್ತರ ಮಧ್ಯ ವಲಯದಲ್ಲಿ 22ರಿಂದ 26 ಇಂಚಿನ ಪೈಕ್ ಎಲ್ಲವನ್ನೂ ಬಿಡಬೇಕು. ಉಳಿದವನ್ನು ಒಟ್ಟು ಹತ್ತರವರೆಗೆ ತರಬಹುದು, ಆ ಹತ್ತರಲ್ಲಿ 26 ಇಂಚು ದಾಟಿದವು ಎರಡಕ್ಕಿಂತ ಹೆಚ್ಚಿರಬಾರದು. ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು ಕೂಡಿಕೊಂಡಿರುವುದರಿಂದಲೂ ಚಿಕ್ಕದೇ ಒಳ್ಳೆಯದು. ಕವಲು ಮುಳ್ಳಿದೆ ಎಂದು ಇಲ್ಲಿನ ಕೆಲವರು ಪೈಕ್ ತಿನ್ನಲು ಹಿಂಜರಿಯುತ್ತಾರೆ. ಹೊಳೆಮೀನಿನ ಮುಳ್ಳು ಬಿಡಿಸಿ ಗೊತ್ತಿರುವ ಮಲೆನಾಡಿನವರಿಗೆ ಅದೊಂದು ಲೆಕ್ಕವಲ್ಲ. ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ, ಮಾಂಸ ಬೆಳ್ಳಗೆ, ಗಟ್ಟಿಯಾಗಿರುತ್ತದೆ.

ಮಸ್ಕಿಗೆ ಸ್ಪೂನ್ ಎಸೆಯುವ ಮೊದಲು ದೋಣಿಯಲ್ಲಿ ಇರಲೇಬೇಕಾದವು: ರಬ್ಬರ್ ಲೇಪದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆಯನ್ನೇ ಕತ್ತರಿಸಬಲ್ಲ ಕಟ್ಟರ್. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಮ್ಯಾನಿಟೋಬಾದಲ್ಲಿ ಹಿಮ್ಮುಳ್ಳಿಲ್ಲದ ಕೊಕ್ಕೆ ಕಾನೂನೇ ಆಗಿದೆ. ಮೀನನ್ನು ಬಲೆಯಲ್ಲಿ, ನೀರಿನಲ್ಲೇ ಇಟ್ಟುಕೊಂಡು ಕೊಕ್ಕೆ ಬಿಡಿಸಿ. ಆಳಕ್ಕೆ ಹೋದ ಕೊಕ್ಕೆಯನ್ನು ಎಳೆದಾಡಬೇಡಿ, ಕತ್ತರಿಸಿ. ಫೋಟೊಗೆ ಎತ್ತುವುದಾದರೆ ಅಡ್ಡಲಾಗಿ, ಹೊಟ್ಟೆಗೆ ಕೈ ಕೊಟ್ಟು, ಒಂದೇ ಸಲ. ದವಡೆ ಹಿಡಿದು ನೇತುಹಾಕುವುದು ಬೇಡವೇ ಬೇಡ. ನೀರಿನ ಬಿಸಿ 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ದಿನ ಮಸ್ಕಿಯ ತಂಟೆಗೇ ಹೋಗಬೇಡಿ, ಬಿಟ್ಟ ಮೀನೂ ಬದುಕುವುದು ಕಷ್ಟ. ಮಿನ್ನೆಸೋಟದಲ್ಲಿ ಮಸ್ಕಿಯ ಕಾಲ ಜೂನ್ ಮೊದಲ ಶನಿವಾರ ತೆರೆಯುತ್ತದೆ. 16 ತುಂಬಿದವರಿಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಕೊಂಡ ದಿನವೇ ಆ ಕಟ್ಟರ್ ಕೂಡ ಕೊಂಡುಕೊಳ್ಳಿ. ಅದಿಲ್ಲದವರು ಮಸ್ಕಿ ನೀರಿಗೆ ಸ್ಪೂನ್ ಎಸೆಯದಿರುವುದೇ ಮೇಲು.